ಮಂಗನ ಕಾಯಿಲೆ: ಜ್ವರ ಹೊತ್ತು ಊರು ದಾಟಿದವರನ್ನು ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ಮಲೆನಾಡಿನ ನೆಲ ಒಣಗತೊಡಗಿದಂತೆ ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಂಗನ ಕಾಯಿಲೆಯ, ಅಂದರೆ ಉಣುಗುಗಳ (ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಜೀವಿಗಳ) ಕಡಿತದಿಂದ ಮನುಷ್ಯರಿಗೆ ತಗಲುವ ವೈರಸ್ ಜ್ವರದ, ಹಂಗಾಮಿಗೆ ತಯಾರಿ ಶುರುವಾಗುತ್ತದೆ. ಆಶಾ ಕಾರ್ಯಕರ್ತೆಯರು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲದ ಬಾಟಲಿಯನ್ನು ಮನೆಮನೆಗೆ ಹಂಚುತ್ತಾರೆ, ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ ಎಂದು ಹೇಳಿ ಬರುತ್ತಾರೆ, ಜ್ವರ ಬಂದವರ ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಈ ಕೆಲಸದಲ್ಲಿ ಕೊರತೆಗಳಿರಬಹುದು, ಆದರೆ ಕೆಲಸವಂತೂ ನಡೆಯುತ್ತಿದೆ, ಮತ್ತು ಅದನ್ನು ಮಾಡುವವರ ಶ್ರಮವನ್ನು ನಾನು ಸೇವೆಯಲ್ಲಿದ್ದಾಗ ಹತ್ತಿರದಿಂದ ನೋಡಿದ್ದೇನೆ. ಈ ಪತ್ರ ಬರೆಯುತ್ತಿರುವುದು ಆ ತಯಾರಿಯ ಆಚೆಗೆ ಉಳಿದುಬಿಟ್ಟವರ ಬಗ್ಗೆ: ಕಾಡಿನಂಚಿನಲ್ಲಿ ಒಂದೆರಡು ದಿನ ಕಳೆದು ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದ ಮೇಲೆ ಜ್ವರ ಹಿಡಿದು ಮಲಗುವ ಪ್ರವಾಸಿಗಳು, ಹಬ್ಬಕ್ಕೋ ಕೊಯ್ಲಿಗೋ ಊರಿಗೆ ಬಂದು ಹೋಗುವ ನಮ್ಮದೇ ಮಕ್ಕಳು, ಹಂಗಾಮಿನ ಕೂಲಿಗಾಗಿ ಜಿಲ್ಲೆಯಿಂದ ಜಿಲ್ಲೆಗೆ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕಾರ್ಮಿಕರು. ಇವರಿಗೆ ಜ್ವರ ಬರುವ ಹೊತ್ತಿಗೆ ಇವರು ಕಾಯಿಲೆಯ ಸೀಮೆಯಲ್ಲಿ ಇರುವುದಿಲ್ಲ. ಇವರು ಹೋಗುವ ಆಸ್ಪತ್ರೆಯಲ್ಲಿ ಈ ಕಾಯಿಲೆಯ ನೆನಪೂ ಇರುವುದಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳುತ್ತಿವೆ, ಸುತ್ತಲ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಬರುತ್ತಿದೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿದಾಗ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕದಿಂದಲೇ ಅವರು ಇಲ್ಲಿಗೆ ಧಾವಿಸಿದರು. ಸಿಕ್ಕಿದ್ದು ಬೇರೆಯದೇ ವೈರಸ್. ಅದು ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್‌ಗೆ ಹತ್ತಿರದ್ದು, ಆದರೆ ಅದುವರೆಗೆ ಯಾರೂ ಗುರುತಿಸಿರದಂಥದ್ದು. ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಉತ್ತರದಿಂದ ಬಂದಿರಬಹುದೇ ಎಂದು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿದ್ದೂ ಈ ಕಾಯಿಲೆಯ ಕಾರಣಕ್ಕೇ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಈ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ಹೀಗಿದ್ದೂ ಕ್ಯಾಸನೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿರುವ ರಾಜಧಾನಿಯ ಅನೇಕ ಕ್ಲಿನಿಕ್‌ಗಳಲ್ಲಿ ಇದು ವೈದ್ಯರ ಮನಸ್ಸಿಗೆ ಬರುವ ಕಾಯಿಲೆಗಳ ಪಟ್ಟಿಯಲ್ಲಿಲ್ಲ.

ಕಾಯಿಲೆ ಹರಡುವ ಬಗೆ ತಿಳಿದರೆ ಪ್ರಯಾಣಿಕರಿಗೆ ಇದು ಏಕೆ ಮುಖ್ಯ ಎಂಬುದು ತಾನಾಗಿ ತಿಳಿಯುತ್ತದೆ. ಮುಸ್ಯ (ಕಪ್ಪು ಮುಖದ, ಉದ್ದ ಬಾಲದ ಮಂಗ) ಮತ್ತು ಸಾಮಾನ್ಯ ಮಂಗ ಎರಡಕ್ಕೂ ಈ ವೈರಸ್ ತಗಲುತ್ತದೆ, ಮತ್ತು ಎರಡೂ ಸಾಯುತ್ತವೆ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೈಗೆ ಕಚ್ಚಿಕೊಂಡಿದ್ದ ಉಣುಗುಗಳು ಸುತ್ತಲ ತರಗೆಲೆಗೆ ಇಳಿಯುತ್ತವೆ. ಹೀಗಾಗಿ ಮಂಗ ಸತ್ತ ಜಾಗವೇ ಅಪಾಯದ ಜಾಗ, ಅದರ ಸುತ್ತ 50 ಮೀಟರಿನವರೆಗೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವುದು ಆ ಕಾರಣಕ್ಕೆ. ಹಸುವಿನ ಮೈಮೇಲೆ ಕಾಣುವ, ರಕ್ತ ಕುಡಿದು ಊದಿದ ದೊಡ್ಡ ಉಣುಗುಗಳನ್ನು ನಾವೆಲ್ಲ ನೋಡಿದ್ದೇವೆ, ಆದರೆ ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಅವುಗಳ ಮರಿಗಳು. ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಆ ಮರಿ ಪ್ಯಾಂಟಿನ ಅಂಚಿನಿಂದ ಮೇಲೇರಿ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಅಥವಾ ಕಂಕುಳಲ್ಲಿ ಕಚ್ಚಿ ಕುಳಿತರೆ ನೋವೇ ಆಗುವುದಿಲ್ಲ. ಸ್ನಾನ ಮಾಡುವಾಗ ಕೈಗೆ ಏನೋ ತಾಗಿದರೆ ಉಂಟು, ಇಲ್ಲವಾದರೆ ಹೊಟ್ಟೆ ತುಂಬಿದ ಮೇಲೆ ಅದೇ ಉದುರಿ ಹೋಗುತ್ತದೆ. ಕಚ್ಚಿಸಿಕೊಂಡ ನೆನಪೇ ಇಲ್ಲದ ರೋಗಿಗಳು ಬಹಳ ಮಂದಿ. ಈ ಮರಿಗಳ ಓಡಾಟ ನವೆಂಬರ್‌ನಿಂದ ಮೇ ತಿಂಗಳವರೆಗೆ.

ಅಡಿಕೆ ಕೊಯ್ಲು ಆ ತಿಂಗಳುಗಳಲ್ಲೇ ಬರುತ್ತದೆ. ಕೊಟ್ಟಿಗೆಗೆ ಹಾಸಲು ದರಕು (ಉದುರಿದ ಒಣ ಎಲೆ) ಗುಡಿಸುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಗೇರು ಹೆಕ್ಕುವುದು ಎಲ್ಲವೂ ಆಗಲೇ. ಕ್ರಿಸ್‌ಮಸ್ ರಜೆ, ಸಂಕ್ರಾಂತಿ, ಶಾಲೆಗಳ ಬೇಸಿಗೆ ರಜೆ ಕೂಡ ಆ ಅವಧಿಯೊಳಗೇ ಬೀಳುತ್ತವೆ. ಕೊಡಚಾದ್ರಿ ಹತ್ತಲು, ಜೋಗ ನೋಡಲು, ಶರಾವತಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಲು, ಹೋಂಸ್ಟೇಗಳಲ್ಲಿ ತಂಗಲು ಜನ ಬರುವ ಕಾಲವೂ ಇದೇ. ವೈರಸ್ ದೇಹ ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಬೇಕು. ವಾರಾಂತ್ಯಕ್ಕೆ ಬಂದವರು ಅಷ್ಟರಲ್ಲಿ ತಮ್ಮ ಊರು ಸೇರಿ, ಕೆಲಸಕ್ಕೆ ಹಾಜರಾಗಿ, ಪ್ರವಾಸವನ್ನೇ ಮರೆತಿರುತ್ತಾರೆ.

ನನ್ನ ಅಕ್ಕನ ಮಗನಿಗೆ ಆದದ್ದು ಹೀಗೆಯೇ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅವನು ಜನವರಿಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ನೆರವಾಗಲೆಂದು ರಜೆ ಹಾಕಿ ಬಂದು, ತಂದೆಯ ಜೊತೆ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು, ದರಕು ತರುವ ಕಾಡಿಗೆ) ಹೋಗಿ ದರಕು ಹೊತ್ತು ತಂದಿದ್ದ. ಬೆಂಗಳೂರಿಗೆ ಮರಳಿದ ವಾರದೊಳಗೆ ಒಮ್ಮೆಲೇ ಚಳಿ, ಜ್ವರ, ಹಣೆ ಸೀಳುವಂಥ ತಲೆನೋವು, ಮೈಯೆಲ್ಲ ಹೊಡೆದು ಹಾಕಿದಂಥ ನೋವು. ಮನೆಯ ಹತ್ತಿರದ ಕ್ಲಿನಿಕ್‌ನಲ್ಲಿ ಡೆಂಗಿ ಪರೀಕ್ಷೆ ಮಾಡಿಸಿದರು, ಇಲ್ಲ ಎಂದು ಬಂತು. ಟೈಫಾಯಿಡ್ ಇರಬಹುದೆಂದು ಮಾತ್ರೆ ಕೊಟ್ಟರು, ನೋವು ತಡೆಯಲಾರೆ ಎಂದಾಗ ನೋವಿನ ಇಂಜೆಕ್ಷನ್ ಕೊಟ್ಟರು. ಎಲ್ಲಿಗಾದರೂ ಹೋಗಿದ್ದಿರಾ ಎಂದು ಯಾರೂ ಕೇಳಲಿಲ್ಲ. ಅವನಿಗೂ ಹೇಳಬೇಕೆಂದು ತೋಚಲಿಲ್ಲ, ಊರಿಗೆ ಹೋಗಿ ಬಂದದ್ದನ್ನು ಪ್ರವಾಸವೆಂದು ಯಾರು ತಾನೇ ಎಣಿಸುತ್ತಾರೆ? ಎರಡನೆಯ ವಾರಕ್ಕೆ ಕಾಲಿಡುವಾಗ ವಸಡಿನಿಂದ ರಕ್ತ ಬರತೊಡಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ, ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಅವನ ಮಾತಿನ ಧಾಟಿ ಗಮನಿಸಿ ನಿಮ್ಮ ಊರು ಯಾವ ಕಡೆ, ಈಚೆಗೆ ಹೋಗಿದ್ದಿರಾ, ಅಲ್ಲಿ ಮಂಗ ಸತ್ತ ಸುದ್ದಿ ಇತ್ತೇ ಎಂದು ಒಂದೊಂದಾಗಿ ಕೇಳಿದರು. ಅವರೂ ತೀರ್ಥಹಳ್ಳಿ ಕಡೆಯವರು. ರಕ್ತದ ಮಾದರಿ ಹೋಗಿ ಕಾಯಿಲೆ ಖಚಿತವಾಯಿತು, ಹುಡುಗ ಬದುಕಿದ. ಆ ರಾತ್ರಿ ಆ ಪಾಳಿಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಯಲು ನನ್ನ ಅಕ್ಕನಿಗೆ ಇಂದಿಗೂ ಆಗುವುದಿಲ್ಲ. ಒಬ್ಬ ರೋಗಿಯ ಪ್ರಾಣ ವೈದ್ಯರ ಹುಟ್ಟೂರಿನ ಮೇಲೆ ನಿಲ್ಲುವ ಸ್ಥಿತಿ ಇರಬಾರದು.

ಈ ಕಾಯಿಲೆಗೆ ನಿರ್ದಿಷ್ಟವಾದ ಔಷಧವಿಲ್ಲ, ಹಾಗಿರುವಾಗ ಬೇಗ ಪತ್ತೆಯಾದರೂ ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಪ್ರಯೋಜನ ಬಹಳ ಇದೆ. ರೋಗ ತಗಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ, ಮತ್ತು ರಕ್ತಸ್ರಾವ, ರಕ್ತದೊತ್ತಡದ ಕುಸಿತ ಮುಂತಾದವನ್ನು ಮೊದಲೇ ನಿರೀಕ್ಷಿಸಿ ನೋಡಿಕೊಂಡರೆ ಅವರಲ್ಲಿ ಹಲವರನ್ನು ಉಳಿಸಿಕೊಳ್ಳಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಹಾಗಾಗಿ ಕಾಯಿಲೆಯ ಶಂಕೆ ಇದ್ದರೆ ಅವನ್ನು ಕೊಡುವಂತಿಲ್ಲ. ಇನ್ನೂ ಒಂದು ಅಪಾಯವಿದೆ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದ ಕೆಲವರಲ್ಲಿ ಅದು ಮರುಕಳಿಸಿ, ಈ ಬಾರಿ ಕತ್ತಿನ ಬಿಗಿತ, ಮಂಪರು, ಕೈಕಾಲು ನಡುಕದಂಥ ನರಸಂಬಂಧಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕಾಯಿಲೆಯ ಹೆಸರೇ ಗೊತ್ತಿಲ್ಲದೆ ಮನೆಗೆ ಹೋದ ರೋಗಿಗೆ ಈ ಎರಡನೆಯ ಹಂತದ ಎಚ್ಚರಿಕೆ ಕೊಡುವವರು ಯಾರು?

ಡೆಂಗಿಯಂತೆಯೇ ಇದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಬಿಳಿ ರಕ್ತಕಣಗಳೂ ಕಡಿಮೆಯಾಗುತ್ತವೆ. ಎರಡೂ ಒಂದೇ ಕುಟುಂಬದ ವೈರಸ್‌ಗಳು. ರಕ್ತದ ಸಾಮಾನ್ಯ ವರದಿಯೊಂದನ್ನೇ ಹಿಡಿದು ಇವೆರಡನ್ನು ಬೇರ್ಪಡಿಸುವುದು ಕಷ್ಟ. ಆದರೆ ಡೆಂಗಿ ಏರುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ, ಮಂಗನ ಕಾಯಿಲೆ ಏರುವುದು ಒಣ ತಿಂಗಳುಗಳಲ್ಲಿ. ಫೆಬ್ರವರಿಯಲ್ಲಿ ಡೆಂಗಿಯಂತೆ ಕಾಣುವ, ಡೆಂಗಿ ಪರೀಕ್ಷೆಯಲ್ಲಿ ಸಿಗದ ಜ್ವರ ಎದುರಾದರೆ ಹಿಂದಿನ ಎರಡು ವಾರಗಳಲ್ಲಿ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಮೊದಲ ವಾರದಲ್ಲಿ ರಕ್ತದಲ್ಲಿರುವ ವೈರಸ್ ಅನ್ನೇ ಪಿಸಿಆರ್ ಪರೀಕ್ಷೆಯಿಂದ ಪತ್ತೆ ಮಾಡಬಹುದು, ತಡವಾದರೆ ಪ್ರತಿಕಾಯಗಳ ಪರೀಕ್ಷೆಗೆ ಕಾಯಬೇಕಾಗುತ್ತದೆ. ಪ್ರಶ್ನೆ ತಡವಾದಷ್ಟೂ ಉತ್ತರ ಕಠಿಣವಾಗುತ್ತದೆ.

ಇದು ಸೊರಬ, ಸಾಗರದ ಕಾಯಿಲೆ, ಅಲ್ಲಿನವರು ನೋಡಿಕೊಳ್ಳಲಿ ಎನ್ನುವ ಕಾಲ ಎಂದೋ ಮುಗಿದಿದೆ. 1980ರ ದಶಕದ ಆರಂಭದಲ್ಲೇ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಕಡಿದ ಮೇಲೆ ಅದು ಭೀಕರವಾಗಿ ಕಾಣಿಸಿಕೊಂಡು ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೆ ತಗಲಿತು. ಅಲ್ಲಿಂದ ಮುಂದೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮ ಘಟ್ಟದುದ್ದಕ್ಕೂ ಅದು ಪತ್ತೆಯಾಗುತ್ತ ಬಂದಿದೆ. 2018–19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ ಸಾವುಗಳನ್ನು, 2024ರಲ್ಲಿ ಸಿದ್ದಾಪುರ ತಾಲ್ಲೂಕು ಕಂಡ ಸಂಕಟವನ್ನು ತಮ್ಮ ಓದುಗರು ಮರೆತಿರಲಾರರು. ನನ್ನ ಮಾತಿಗೆ ಬಹಳ ಹತ್ತಿರವಾದ ಸಂಗತಿಯೆಂದರೆ 2016ರದ್ದು. ಆ ವರ್ಷ ಬೆಳಗಾವಿ ಜಿಲ್ಲೆಯಿಂದ ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋಗಿದ್ದವರಲ್ಲಿ ಈ ಕಾಯಿಲೆ ದೃಢಪಟ್ಟಿತು. ದುಡಿದ ನೆಲ ಒಂದು ರಾಜ್ಯದ್ದು, ಮನೆ ಇನ್ನೊಂದು ರಾಜ್ಯದಲ್ಲಿ. ಅವರ ವಿಷಯದಲ್ಲಿ ಎಚ್ಚರ ವಹಿಸಿದವರು ಇದ್ದರು, ಹಾಗಾಗಿ ಅದು ಸಂಶೋಧನೆಯಲ್ಲಿ ದಾಖಲಾಯಿತು. ಯಾರೂ ಕೇಳದೆ ಹೋದ ಜ್ವರಗಳು ಯಾವ ದಾಖಲೆಗೂ ಸೇರುವುದಿಲ್ಲ.

ವಿದೇಶದಿಂದ ಬರುವ ಕಾಯಿಲೆಗಳ ವಿಷಯದಲ್ಲಿ ನಮ್ಮ ದೇಶ ಎಷ್ಟು ಕಟ್ಟುನಿಟ್ಟು ಎಂಬುದನ್ನು ಇಲ್ಲಿ ನೆನೆಯಬೇಕು. ಹಳದಿ ಜ್ವರವಿರುವ ದೇಶಗಳಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುತ್ತಾರೆ. ಆ ಕಟ್ಟುನಿಟ್ಟು ಸರಿಯಾದುದೇ, ನಮ್ಮಲ್ಲಿ ಆ ವೈರಸ್ ಹರಡಬಲ್ಲ ಸೊಳ್ಳೆಗಳು ತುಂಬಿವೆ. ಆಸ್ಟ್ರಿಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರಕ್ಕೆ, ಅಂದರೆ ನಮ್ಮ ಮಂಗನ ಕಾಯಿಲೆಯ ದಾಯಾದಿಗೆ, 1980ರ ದಶಕದ ಆರಂಭದಿಂದ ಜನರಿಗೆ ವ್ಯಾಪಕವಾಗಿ ಲಸಿಕೆ ಹಾಕುತ್ತ ಬಂದು ರೋಗವನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ, ಆ ಭಾಗದ ಕಾಡುಗಳಲ್ಲಿ ಚಾರಣಕ್ಕೆ ಹೋಗುವ ವಿದೇಶಿಗರಿಗೂ ಮೊದಲೇ ಲಸಿಕೆಯ ಸಲಹೆ ಸಿಗುತ್ತದೆ. ನಮ್ಮ ಕಾಡಿಗೆ ಬರುವ ನಮ್ಮವರೇ ಆದ ಚಾರಣಿಗರಿಗೆ ಒಂದು ಕರಪತ್ರವೂ ಸಿಗುವುದಿಲ್ಲ. ಚಾರಣಕ್ಕೆ ಆನ್‌ಲೈನ್ ನೋಂದಣಿ ಇದೆ, ಹಣ ಕಟ್ಟಿಸಿಕೊಳ್ಳುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ. ಅದೇ ಪುಟದಲ್ಲಿ ನಾಲ್ಕು ಸಾಲಿನ ಆರೋಗ್ಯ ಸೂಚನೆ ಹಾಕಲು ಎಷ್ಟು ಖರ್ಚಾದೀತು?

ಆ ನಾಲ್ಕು ಸಾಲುಗಳಲ್ಲಿ ಹೇಳಬೇಕಾದದ್ದು ಸರಳ. ತುಂಬು ತೋಳಿನ ಬಟ್ಟೆ ಧರಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ತೆರೆದಿರುವ ಮೈಗೆ ಡೆಪಾ ತೈಲ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಯನ್ನು ಒಬ್ಬರಿಗೊಬ್ಬರು ನೋಡಿ, ಉಣುಗು ಕಂಡರೆ ಚಿಮಟಿಗೆಯಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಕೀಳಿರಿ. ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಹೀಗೆ ಬರೆದರೆ ಪ್ರವಾಸಿಗರು ಹೆದರಿ ಬರುವುದಿಲ್ಲ, ವ್ಯಾಪಾರ ಕೆಡುತ್ತದೆ ಎಂದು ಹೋಂಸ್ಟೇ ನಡೆಸುವ ಕೆಲವರು ನನ್ನೊಡನೆ ವಾದಿಸಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಹಲವು ಮನೆಗಳು ನಡೆಯುತ್ತಿರುವುದೇ ಆ ಆದಾಯದಿಂದ. ಆದರೆ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಬರುವವರೆಲ್ಲರಿಗೂ ಅಪಾಯವಿಲ್ಲ, ಎಚ್ಚರಿಕೆಯಿಂದ ಇದ್ದರೆ ಇರುವ ಅಪಾಯವನ್ನೂ ಬಹಳ ಕಡಿಮೆ ಮಾಡಬಹುದು ಎಂಬುದನ್ನು ಅತಿಥಿಗೆ ತಿಳಿಸಿ ಹೇಳುವ ಮನೆಗೆ ಹೆಚ್ಚು ನಂಬಿಕೆ ಬರುತ್ತದೆ. ಮುಚ್ಚಿಟ್ಟ ಮನೆಯಿಂದ ಹೋದ ಅತಿಥಿ ಆಸ್ಪತ್ರೆಯಲ್ಲಿ ಮಲಗಿದರೆ ಆ ಸುದ್ದಿ ಇಡೀ ತಾಲ್ಲೂಕಿನ ಹೋಂಸ್ಟೇಗಳಿಗೆ ಪೆಟ್ಟು ಕೊಡುತ್ತದೆ.

ಲಸಿಕೆಯ ವಿಚಾರ ಇನ್ನೂ ಗಂಭೀರವಾದುದು. 1990ರಿಂದ ರಾಜ್ಯದಲ್ಲಿ ಬಳಕೆಯಲ್ಲಿದ್ದ, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯನ್ನು ಆರರಿಂದ 65 ವರ್ಷದೊಳಗಿನವರಿಗೆ ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ಬೂಸ್ಟರ್ ಆಗಿ ಮತ್ತೆ ಮತ್ತೆ ಕೊಡಬೇಕಿತ್ತು. ಚುಚ್ಚಿಸಿಕೊಂಡ ಕೈ ದಿನಗಟ್ಟಲೆ ನೋಯುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಎರಡನೆಯ ಬಾರಿ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ಒಂದೇ ಡೋಸ್ ಪಡೆದವರಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 62.4ರಷ್ಟು, ಬೂಸ್ಟರ್ ಸೇರಿದಾಗ ಶೇ 82.9ರಷ್ಟು ಇತ್ತು. ಒಂದು ಚುಚ್ಚುಮದ್ದು ಹಾಕಿಸಿಕೊಂಡು ತಾವು ಸುರಕ್ಷಿತ ಎಂದು ನಂಬಿ ಕಾಡಿಗೆ ಹೋದವರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ, ಅವರಿಗೆ ಈ ಅಂಕಿಗಳನ್ನು ಅವರ ಭಾಷೆಯಲ್ಲಿ ಯಾರೂ ಹೇಳಲಿಲ್ಲ. ಕೊನೆಗೆ ಆ ಲಸಿಕೆಯ ಸಾಮರ್ಥ್ಯ ಸಾಲದು ಎಂಬ ಕಾರಣಕ್ಕೆ 2022ರಲ್ಲಿ ಬಳಕೆಯೇ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆಯನ್ನು ರೂಪಿಸುತ್ತಿರುವುದು ಸಮಾಧಾನದ ಸಂಗತಿ. ಅದರ ಪರೀಕ್ಷೆಯ ಪ್ರತಿ ಹಂತದ ಫಲಿತಾಂಶ, ಅನುಕೂಲಕರವಾಗಿರಲಿ ಇಲ್ಲದಿರಲಿ, ಕನ್ನಡದಲ್ಲಿ ಪ್ರಕಟವಾಗಬೇಕೆಂದು ನಾನು ಒತ್ತಾಯಿಸುತ್ತೇನೆ. ಹಳೆಯ ಲಸಿಕೆಯಿಂದ ಜನರ ವಿಶ್ವಾಸಕ್ಕೆ ಬಿದ್ದ ಪೆಟ್ಟು ಮಾಯಬೇಕಾದರೆ ಬೇರೆ ದಾರಿಯಿಲ್ಲ. ಲಸಿಕೆ ಬಂದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆಗೂ ಈಗಲೇ ಉತ್ತರ ಸಿದ್ಧವಿರಬೇಕು. ರೋಗ ಕಂಡ ಹಳ್ಳಿಯ ಮನೆಗಳ ಪಟ್ಟಿಯಷ್ಟನ್ನೇ ಹಿಡಿದು ಹೊರಟರೆ ಕೊಯ್ಲಿಗೆ ಬರುವ ಕಾರ್ಮಿಕರು ಮತ್ತೆ ಪಟ್ಟಿಯ ಹೊರಗೇ ಉಳಿಯುತ್ತಾರೆ.

ಸಂಶೋಧನೆ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ಇತ್ತೀಚಿನ ವರ್ಷಗಳಲ್ಲಿ ದೇಶ ವಿದೇಶಗಳ ವಿಜ್ಞಾನಿಗಳು ಜೊತೆಗೂಡಿ, ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳವರನ್ನೂ ಕೂರಿಸಿಕೊಂಡು ಕಾಯಿಲೆಯ ಅಪಾಯದ ನಕಾಶೆಗಳನ್ನು ಮಾಡಿದ್ದಾರೆ. ದಟ್ಟ ಕಾಡಿನ ನಡುವಿಗಿಂತ, ತೇವದ ನಿತ್ಯಹಸಿರು ಕಾಡು, ತೋಟ, ಹಳ್ಳಿ ಹೆಣೆದುಕೊಂಡಿರುವ, ನಾಡ ದನಗಳು ಹೆಚ್ಚಿರುವ ಕಡೆಗಳಲ್ಲಿ ಮನುಷ್ಯರಿಗೆ ಅಪಾಯ ಹೆಚ್ಚು ಎಂಬುದು ಆ ಕೆಲಸದಿಂದ ತಿಳಿದುಬಂದಿದೆ. ಹೋಂಸ್ಟೇಗಳು ಏಳುತ್ತಿರುವುದು ಹೆಚ್ಚಾಗಿ ಅಂಥ ಜಾಗಗಳಲ್ಲೇ. ಇಷ್ಟು ಉಪಯುಕ್ತವಾದ ನಕಾಶೆ ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಉಳಿದರೆ ಗ್ರಾಮ ಪಂಚಾಯಿತಿಗೆ ಏನು ಸಿಕ್ಕಿತು? ಅದನ್ನು ತಾಲ್ಲೂಕುವಾರು ಕನ್ನಡದಲ್ಲಿ ಮುದ್ರಿಸಿ ಪಂಚಾಯಿತಿ ಕಚೇರಿಯ ಗೋಡೆಗೆ, ಬಸ್ ನಿಲ್ದಾಣಕ್ಕೆ, ಅರಣ್ಯ ತಪಾಸಣಾ ಠಾಣೆಗೆ ಅಂಟಿಸಬಹುದು.

ಆರೋಗ್ಯ ಇಲಾಖೆಯನ್ನು ನಾನು ಮುಖ್ಯವಾಗಿ ಕೇಳಿಕೊಳ್ಳುವುದು ಒಂದು ಸುತ್ತೋಲೆಯನ್ನು. ನವೆಂಬರ್‌ನಿಂದ ಮೇ ತಿಂಗಳವರೆಗೆ ರಾಜ್ಯದ ಯಾವುದೇ ಸರ್ಕಾರಿ ಅಥವಾ ಖಾಸಗಿ ಆಸ್ಪತ್ರೆಗೆ ಹಠಾತ್ ಜ್ವರ, ತಲೆನೋವು, ಮೈನೋವಿನಿಂದ ಬರುವ ರೋಗಿಯ ಚೀಟಿಯಲ್ಲಿ ಹಿಂದಿನ ಎರಡು ವಾರಗಳ ಪ್ರಯಾಣದ ವಿವರ ಕಡ್ಡಾಯವಾಗಿ ದಾಖಲಾಗಬೇಕು. ಶಂಕೆ ಬಂದರೆ ಮಾದರಿಯನ್ನು ಎಲ್ಲಿಗೆ, ಹೇಗೆ ಕಳುಹಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಅದೇ ಸುತ್ತೋಲೆಯಲ್ಲಿ ಇರಬೇಕು, ಏಕೆಂದರೆ ಶಂಕೆ ಬಂದರೂ ದಾರಿ ಗೊತ್ತಿಲ್ಲದೆ ಕೈಬಿಟ್ಟ ವೈದ್ಯರೂ ಇದ್ದಾರೆ. ಈ ಕಾಯಿಲೆಗೆ ಬಿಪಿಎಲ್, ಎಪಿಎಲ್ ಭೇದವಿಲ್ಲದೆ ಉಚಿತ ಚಿಕಿತ್ಸೆ ಎಂದು ಸರ್ಕಾರ 2024ರಲ್ಲಿ ಹೇಳಿದೆ. ಆ ಸೌಲಭ್ಯ ಬೆಂಗಳೂರಿನಲ್ಲಿ ದಾಖಲಾದ ಮಲೆನಾಡಿನ ರೋಗಿಗೂ, ಗೋವಾದಿಂದ ಜ್ವರ ಹೊತ್ತು ಬಂದ ಖಾನಾಪುರದ ಕಾರ್ಮಿಕನಿಗೂ ಸಿಗುವುದೇ ಎಂಬುದನ್ನು ಸ್ಪಷ್ಟಪಡಿಸಲಿ.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಹಂಗಾಮಿನ ತಿಂಗಳುಗಳಲ್ಲಿ ಯಾವ ತಾಲ್ಲೂಕಿನ ಯಾವ ಗ್ರಾಮ ಪಂಚಾಯಿತಿಯಲ್ಲಿ ಮಂಗ ಸತ್ತಿದೆ, ಎಲ್ಲಿ ಹೊಸ ರೋಗಿಗಳು ಪತ್ತೆಯಾಗಿದ್ದಾರೆ ಎಂಬ ವಾರದ ಮಾಹಿತಿಯನ್ನು ಇಲಾಖೆಯಿಂದ ಪಡೆದು, ಶಿವಮೊಗ್ಗ ಮತ್ತು ಉತ್ತರ ಕನ್ನಡದ ಆವೃತ್ತಿಗಳಿಗಷ್ಟೇ ಸೀಮಿತಗೊಳಿಸದೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಬೆಳಗಾವಿ ಆವೃತ್ತಿಗಳಲ್ಲೂ ಶುಕ್ರವಾರದ ಸಂಚಿಕೆಯಲ್ಲಿ ಪ್ರಕಟಿಸಿ. ವಾರಾಂತ್ಯಕ್ಕೆ ಹೊರಡುವವರು ಹೊರಡುವ ಮೊದಲು ಓದುವಂತಾಗಲಿ.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಸಾಗರ ತಾಲ್ಲೂಕು